ಹಲ್ಲಿಗೆ ಕ್ಲಿಪ್ ಹಾಕಿಸೋದು ಆರೋಗ್ಯಕ್ಕಾ, ಅಂದಕ್ಕಾ?

ಬೇಸಿಗೆ ರಜೆ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹುಳುಕು, ವಸಡು, ಬಾಯಿ ವಾಸನೆ ಎಲ್ಲಾ ಹಿಂದೆ ಸರಿಯುತ್ತವೆ. “ಮಗುವಿಗೆ ಕ್ಲಿಪ್ ಹಾಕಿಸಬೇಕಾ ಮೇಡಂ?” ಎನ್ನುವ ಪ್ರಶ್ನೆಯೇ ಜಾಸ್ತಿ. ದಾವಣಗೆರೆಯ ನನ್ನ ಕ್ಲಿನಿಕ್ಕಿನಲ್ಲೂ ಹಾಗೇ. ಅದಕ್ಕೆ ಈ ಸಲ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಮಗಳಿಗೆ 11 ವರ್ಷ. ಮೇಲಿನ ಮುಂಭಾಗದ ಹಲ್ಲು ತುಂಬಾ ಉಬ್ಬಿವೆ. ಶಾಲೆಯ ತಪಾಸಣಾ ಶಿಬಿರದಲ್ಲಿ ಕ್ಲಿಪ್ ಹಾಕಿಸಿ ಎಂದರು. ಒಂದು ಕಡೆ ವಿಚಾರಿಸಿದೆವು, 45,000 ರೂಪಾಯಿ ಎಂದರು. “ಈಗ ಮಾಡಿಸದಿದ್ದರೆ ಎಲ್ಲಾ ಹಲ್ಲು ಹುಳುಕಾಗುತ್ತವೆ, ತಲೆನೋವು ಬರುತ್ತದೆ, ಊಟ ಜೀರ್ಣ ಆಗಲ್ಲ” ಎಂದು ಹೆದರಿಸಿದರು. ನಮ್ಮತ್ತೆ ಮಾತ್ರ “ನಿಮ್ಮ ಮಾವನಿಗೂ ಉಬ್ಬು ಹಲ್ಲೇ ಇದ್ದವು, ಚೆನ್ನಾಗಿ ಬಾಳಲಿಲ್ವಾ? ಶೋಕಿಗೆ ದುಡ್ಡು ಸುರೀಬೇಡಿ” ಅನ್ನುತ್ತಾರೆ. ಯಜಮಾನರು ಮದುವೆ ಹೊತ್ತಿಗೆ ನೋಡೋಣ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ಅಮ್ಮಾ, ನೀವು ಬರೆದಿದ್ದು ನೋಡಿದರೆ ನಿಮ್ಮ ಮಗಳ ವಿಷಯದಲ್ಲಿ ಇದು ಆರೋಗ್ಯದ ಪ್ರಶ್ನೆಯೇ. ಆದರೆ ಅಲ್ಲಿ ಹೆದರಿಸಿ ಹೇಳಿದ ಕಾರಣಗಳಿಗಾಗಿ ಅಲ್ಲ.

ಮೊದಲು ಆ ಹೆದರಿಕೆ ಬಿಡಿಸುತ್ತೇನೆ. ಸೊಟ್ಟ ಹಲ್ಲಿಗೆ ಹುಳುಕು ಜಾಸ್ತಿ ಎಂದು ಖಚಿತವಾಗಿ ತೋರಿಸಿದ ಪುರಾವೆ ಇಲ್ಲ. ಹುಳುಕು ಬರುವುದು ಸಿಹಿಯಿಂದ, ಮೇಲಿಂದ ಮೇಲೆ ತಿನ್ನುವುದರಿಂದ, ಸರಿಯಾಗಿ ಉಜ್ಜದೇ ಇರುವುದರಿಂದ. ನೆಟ್ಟಗಿರುವ ಹಲ್ಲೂ ಹುಳುಕಾಗುತ್ತದೆ. ಓರೆಕೋರೆ ಇರುವ ಕಡೆ ಬ್ರಷ್ ಆಡಿಸುವುದು ಕಷ್ಟ, ನಿಜ. ಆದರೆ ಮನಸ್ಸಿಟ್ಟು ಉಜ್ಜಿದರೆ ಅಲ್ಲೂ ಸ್ವಚ್ಛ ಇಟ್ಟುಕೊಳ್ಳಬಹುದು. ಅಷ್ಟೇ ಅಲ್ಲ, ಕ್ಲಿಪ್ ಹಾಕಿಕೊಂಡ ಮೇಲೆ ಉಜ್ಜದೇ ಬಿಟ್ಟರೆ ತಂತಿಯ ಸುತ್ತ ಬಿಳಿ ಕಲೆ ಬಿದ್ದು ಹುಳುಕು ಶುರುವಾಗುವ ಅಪಾಯವೇ ದೊಡ್ಡದು. ಜೀರ್ಣದ ಮಾತಿಗೂ ಆಧಾರ ಇಲ್ಲ. ಇನ್ನು ದವಡೆ ಕೀಲಿನ ನೋವು, ತಲೆನೋವು ಕ್ಲಿಪ್ಪಿನಿಂದ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕ್ಲಿಪ್ಪಿನಿಂದ ಆ ನೋವು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಹೀಗೆ ಹೆದರಿಸಿ ದುಡ್ಡು ಕಟ್ಟಿಸಿಕೊಳ್ಳುವುದು ನಮ್ಮ ವೃತ್ತಿಗೆ ಕೆಟ್ಟ ಹೆಸರು. ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ ಇದು.

ಹಾಗಿದ್ದರೆ ಆರೋಗ್ಯದ ಕಾರಣ ಯಾವುದು? ಪೆಟ್ಟು. ಉಬ್ಬು ಹಲ್ಲಿನ ಮಗು ಎಡವಿ ಬಿದ್ದರೆ ನೆಲಕ್ಕೆ ಮೊದಲು ತಾಗುವುದು ಆ ಹಲ್ಲೇ. ಉಳಿದ ಮಕ್ಕಳಿಗೆ ಅಡ್ಡ ಬಂದು ಕಾಪಾಡುವುದು ತುಟಿ. ಉಬ್ಬು ಹಲ್ಲಿನ ಮಕ್ಕಳಿಗೆ ತುಟಿ ಮುಚ್ಚುವುದೇ ಇಲ್ಲ. ಇಂಥ ಮಗು ಕುರ್ಚಿಯಲ್ಲಿ ಕೂತಾಗ ನಾನು ಬಾಯಿ ತೆರೆಸುವ ಮೊದಲು “ಸುಮ್ನೆ ಬಾಯಿ ಮುಚ್ಚು ಪುಟ್ಟಾ” ಅನ್ನುತ್ತೇನೆ. ಆಗ ಗಲ್ಲ ನೋಡಬೇಕು. ತುಟಿ ಸೇರಿಸಲು ಒದ್ದಾಡಿ ಗಲ್ಲದ ಚರ್ಮವೆಲ್ಲ ಗುಳಿ ಗುಳಿಯಾಗಿ ಸುಕ್ಕುಗಟ್ಟುತ್ತದೆ. ಕೈಬಿಟ್ಟ ತಕ್ಷಣ ಕೆಳತುಟಿ ಮೇಲಿನ ಹಲ್ಲಿನ ಹಿಂದಕ್ಕೆ ಸರಕ್ಕನೆ ಹೋಗಿ ಕೂರುತ್ತದೆ. ಆ ತುಟಿ ಅಲ್ಲೇ ಕೂತು ಹಲ್ಲನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತಾ ಇರುತ್ತದೆ. ಮಗಳು ಟಿವಿ ನೋಡುವಾಗ ಅವಳಿಗೆ ಗೊತ್ತಾಗದ ಹಾಗೆ ಗಮನಿಸಿ.

ಉಬ್ಬು ಎಷ್ಟಿದೆ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಹಿಂದಿನ ದವಡೆ ಹಲ್ಲು ಕಚ್ಚಿಕೊಂಡು ಕೂರಲಿ. ಸ್ಕೇಲಿನ ತುದಿಯನ್ನು ಕೆಳಗಿನ ಮುಂಭಾಗದ ಹಲ್ಲಿಗೆ ಮೆಲ್ಲಗೆ ತಾಗಿಸಿ, ಅಡ್ಡಕ್ಕೆ ನೇರವಾಗಿ ಹಿಡಿದು, ಮೇಲಿನ ಹಲ್ಲಿನ ಅಂಚು ಎಲ್ಲಿಗೆ ಬರುತ್ತದೆ ನೋಡಿ. ಶಾಲೆ ಸ್ಕೇಲಿನಲ್ಲಿ ತುದಿಗೂ ಸೊನ್ನೆಗೂ ನಡುವೆ ಖಾಲಿ ಜಾಗ ಇರುತ್ತದೆ, ಅದನ್ನೂ ಸೇರಿಸಿಕೊಳ್ಳಿ. 2–3 ಮಿಲಿಮೀಟರ್ ಇದ್ದರೆ ಅದು ಎಲ್ಲರಿಗೂ ಇರುವಂಥದ್ದು. ಉಬ್ಬು 3 ಮಿಲಿಮೀಟರ್ ದಾಟಿದ ಮಕ್ಕಳಿಗೆ ಮುಂಭಾಗದ ಹಲ್ಲಿಗೆ ಪೆಟ್ಟಾಗುವ ಸಂಭವ ಸುಮಾರು ಎರಡು ಪಟ್ಟು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು 1999ರಲ್ಲಿ ಲೆಕ್ಕ ಕೊಟ್ಟರು. ಹಾಗೆಂದು 4 ಮಿಲಿಮೀಟರ್ ಇರುವವರೆಲ್ಲ ಓಡಿ ಬರಬೇಕಿಲ್ಲ. 6 ದಾಟಿದರೆ ಮಾತ್ರ ತಡ ಮಾಡಬೇಡಿ.

ಈ 6ರ ಲೆಕ್ಕ ನಾನು ಸುಮ್ಮನೆ ಹೇಳಿದ್ದಲ್ಲ. ಬ್ರಿಟನ್ನಿನಲ್ಲಿ 1989ರಲ್ಲಿ ಬ್ರೂಕ್ ಮತ್ತು ಶಾ ಎಂಬ ಇಬ್ಬರು ದಂತವೈದ್ಯರು ಒಂದು ಅಳತೆ ಪಟ್ಟಿ ಮಾಡಿದರು. ಅದರಲ್ಲಿ ಎರಡು ಭಾಗ. ಒಂದು ಹಲ್ಲಿನ ಆರೋಗ್ಯಕ್ಕೆ, 1ರಿಂದ 5ರವರೆಗೆ ದರ್ಜೆ. ಇನ್ನೊಂದು ನೋಟಕ್ಕೆ, 10 ಫೋಟೋಗಳ ಸಾಲು. ಇಂಗ್ಲೆಂಡಿನಲ್ಲಿ ಸರ್ಕಾರ 18 ವರ್ಷದ ಒಳಗಿನವರಿಗೆ ತನ್ನ ಖರ್ಚಿನಲ್ಲಿ ಕ್ಲಿಪ್ ಹಾಕಿಸುವುದು ಈ ಪಟ್ಟಿ ನೋಡಿಯೇ. 4 ಮತ್ತು 5ನೇ ದರ್ಜೆಗೆ ಸಿಗುತ್ತದೆ. 1 ಮತ್ತು 2ಕ್ಕೆ ಇಲ್ಲ. ನಡುವಿನ 3ಕ್ಕೆ ನೋಟದ ಅಂಕವನ್ನೂ ಸೇರಿಸಿ ತೀರ್ಮಾನಿಸುತ್ತಾರೆ. ಉಬ್ಬು 6 ಮಿಲಿಮೀಟರ್ ದಾಟಿದರೆ 4ನೇ ದರ್ಜೆ, 9 ದಾಟಿದರೆ 5. ನಮ್ಮಲ್ಲಿ ಕ್ಲಿಪ್ಪಿಗೆ ಅಂಥ ಸರ್ಕಾರಿ ವ್ಯವಸ್ಥೆ ಇಲ್ಲ, ಸಾಮಾನ್ಯವಾಗಿ ವಿಮೆಯಲ್ಲೂ ಸಿಗುವುದಿಲ್ಲ. ಆದರೆ ಅವರ ಅಳತೆಯನ್ನು ನಾವು ಬಳಸಿಕೊಳ್ಳಬಹುದಲ್ವಾ? ಯಾವ ಡಾಕ್ಟರ ಹತ್ತಿರ ಹೋದರೂ “ನಮ್ಮ ಮಗಳದು ಯಾವ ದರ್ಜೆ?” ಅಂತ ಕೇಳಿ. “ಹಾಗೇ ಬಿಟ್ಟರೆ ಏನಾಗುತ್ತದೆ?” ಅಂತಲೂ ಕೇಳಿ. ಈ ಎರಡನೇ ಪ್ರಶ್ನೆಗೆ ನಿಮಗೆ ಅರ್ಥವಾಗುವ ಹಾಗೆ, ಹೆದರಿಸದೆ ಉತ್ತರ ಕೊಟ್ಟವರ ಹತ್ತಿರ ಚಿಕಿತ್ಸೆ ಮಾಡಿಸಿ.

ಉಬ್ಬು ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವ ತೊಂದರೆಗಳೂ ಇವೆ, ನನಗೆ ಜಾಸ್ತಿ ಚಿಂತೆ ಅವುಗಳದ್ದು. ನಕ್ಕರೆ ಮುತ್ತು ಪೋಣಿಸಿದ ಹಾಗಿರುವ ಬಾಯಲ್ಲೂ ಮೇಲಿನ ಕೋರೆ ಹಲ್ಲು ಮೂಳೆಯೊಳಗೆ ಅಡ್ಡ ಮಲಗಿರಬಹುದು. ಅದು ಸಾಮಾನ್ಯವಾಗಿ 11–12ಕ್ಕೆ ಹೊರಗೆ ಬರಬೇಕು. 10 ವರ್ಷದ ಹೊತ್ತಿಗೆ ಮೇಲಿನ ವಸಡಿನ ಹೊರಗಡೆ, ಹಾಲುಕೋರೆಯ ಮೇಲ್ಭಾಗದಲ್ಲಿ ಬೆರಳಾಡಿಸಿದರೆ ಎರಡೂ ಕಡೆ ಗಟ್ಟಿ ಉಬ್ಬು ಕೈಗೆ ಸಿಗಬೇಕು. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗದಿದ್ದರೆ, ಅಥವಾ 13 ಆದರೂ ಹಾಲುಕೋರೆ ಗಟ್ಟಿಯಾಗಿ ಕೂತಿದ್ದರೆ, ಎಕ್ಸ್‌ರೇ ಮಾಡಿಸಬೇಕು. ಒಳಗೆ ದಾರಿ ತಪ್ಪಿದ ಕೋರೆ ಪಕ್ಕದ ಹಲ್ಲಿನ ಬೇರನ್ನೇ ಕರಗಿಸಿಬಿಡುತ್ತದೆ. ನೋವಿಲ್ಲ, ಊತವಿಲ್ಲ, ಯಾರಿಗೂ ಸುಳಿವೇ ಸಿಗುವುದಿಲ್ಲ. ಬೇಗ ಗೊತ್ತಾದರೆ ಎಷ್ಟೋ ಸಲ ಆ ಹಾಲುಹಲ್ಲು ಕಿತ್ತರೇ ಸಾಕು, ಕೋರೆ ತಾನೇ ದಾರಿ ಹಿಡಿಯುತ್ತದೆ.

ಇನ್ನೊಂದು, ಆಳವಾದ ಕಚ್ಚು. ಮೇಲಿನ ಹಲ್ಲು ಕೆಳಗಿನದನ್ನು ಪೂರ್ತಿ ಮುಚ್ಚಿಬಿಡುತ್ತದೆ. ಕೆಳಗಿನ ಹಲ್ಲು ಹೋಗಿ ಅಂಗುಳಕ್ಕೆ ಕಚ್ಚುತ್ತದೆ. ಕನ್ನಡಿ ಹಿಡಿದು ನೋಡಿದರೆ ಅಂಗುಳದ ಮೇಲೆ ಕೆಂಪಗೆ ಹಲ್ಲಿನ ಅಚ್ಚು ಸಾಲಾಗಿ ಕಾಣುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಅಲ್ಲಿಯ ವಸಡು ಸವೆದು ಹೋಗುತ್ತದೆ. ಹಾಗೇ ಒಂದು ಪಕ್ಕಕ್ಕೆ ಮಾತ್ರ ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂತು, ಮಗು ಕಚ್ಚುವಾಗ ಪ್ರತಿ ಸಲ ದವಡೆಯನ್ನು ಓರೆ ಸರಿಸುವುದೂ ಉಂಟು. ಹುಟ್ಟಿನಿಂದ ಸೀಳುತುಟಿ, ಸೀಳು ಅಂಗುಳ ಇರುವ ಮಕ್ಕಳ ಹಲ್ಲು ಸರಿಪಡಿಸುವುದಂತೂ ಉಣ್ಣುವುದಕ್ಕೂ ಮಾತಿಗೂ ಬೇಕೇ ಬೇಕು. ಇವು ಯಾವುವೂ ಶೋಕಿ ಅಲ್ಲ.

ಈಗ ನಿಮ್ಮ ಯಜಮಾನರ ಮಾತು. ಮದುವೆ ಹೊತ್ತಿಗೆ ನೋಡೋಣ ಎನ್ನುವುದು ನಿಮ್ಮ ಮಗಳಿಗೆ ಹೊಂದುವುದಿಲ್ಲ. ಉಬ್ಬು ಇರುವ ಎಷ್ಟೋ ಮಕ್ಕಳಲ್ಲಿ ಮೇಲಿನ ಹಲ್ಲು ಮುಂದಿರುವುದಕ್ಕಿಂತ ಕೆಳದವಡೆ ಹಿಂದಿರುವುದೇ ಜಾಸ್ತಿ. ಹುಡುಗಿಯರು ಸರಸರ ಎತ್ತರ ಬೆಳೆಯುವ ಕಾಲ ಸುಮಾರು 10ರಿಂದ 12. ಆ ಹೊತ್ತಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ, ಹಾಕಿ ತೆಗೆಯುವ ಟ್ವಿನ್ ಬ್ಲಾಕ್ ಥರದ ಕ್ಲಿಪ್ ಕೊಟ್ಟರೆ ಉಬ್ಬು ಬೇಗ ಇಳಿಯುತ್ತದೆ. ಹಲ್ಲು ನೆಟ್ಟಗೆ ಮಾಡುವುದು ಯಾವ ವಯಸ್ಸಿಗೂ ಆದೀತು. ಬೆಳವಣಿಗೆ ನಿಂತ ಮೇಲೆ ದವಡೆಯ ವ್ಯತ್ಯಾಸ ದೊಡ್ಡದಿದ್ದರೆ ಮಾತ್ರ ಹಲ್ಲು ಕಿತ್ತು ಹೊಂದಿಸಬೇಕು, ಇಲ್ಲವೇ ದವಡೆಯ ಆಪರೇಷನ್ನೇ ಬೇಕಾಗಬಹುದು. ತಡ ಮಾಡಿದರೆ ಖರ್ಚು ಉಳಿಯುವುದಿಲ್ಲ, ಏರುತ್ತದೆ.

ದುಡ್ಡಿನ ಚಿಂತೆ ನನಗೆ ಅರ್ಥವಾಗುತ್ತದೆ. ರಾಣೆಬೆನ್ನೂರಿನಿಂದ ದಾವಣಗೆರೆಯ ಬಾಪೂಜಿ ದಂತ ಕಾಲೇಜು ದೂರವಲ್ಲ. ಆ ಕಡೆ ಅನುಕೂಲ ಇದ್ದರೆ ಧಾರವಾಡದಲ್ಲಿ ಎಸ್‌ಡಿಎಂ ದಂತ ಕಾಲೇಜಿದೆ. ಇಂಥ ಕಾಲೇಜುಗಳಲ್ಲಿ ಕ್ಲಿಪ್ ವಿಷಯದಲ್ಲೇ 3 ವರ್ಷದ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಓದುತ್ತಿರುವ ಡಾಕ್ಟರುಗಳು ಪ್ರಾಧ್ಯಾಪಕರ ಕಣ್ಣೆದುರಿಗೇ ಚಿಕಿತ್ಸೆ ಮಾಡುತ್ತಾರೆ. ಸಾಮಾನ್ಯವಾಗಿ ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ. ಕಾಯಬೇಕಾಗುತ್ತದೆ, ತಿಂಗಳಿಗೊಮ್ಮೆ ಶಾಲೆಗೆ ರಜೆ ಹಾಕಬೇಕಾಗುತ್ತದೆ. ಆದರೆ ಕೆಲಸದಲ್ಲಿ ಕೊರತೆ ಇರುವುದಿಲ್ಲ.

ನಿಮ್ಮತ್ತೆಯವರಿಗೂ ಒಂದು ಮಾತು ಹೇಳಿ. ಅಜ್ಜನಿಗೆ ಉಬ್ಬು ಹಲ್ಲಿದ್ದೂ ಚೆನ್ನಾಗಿ ಬಾಳಿದ್ದು ನಿಜ, ಅದು ಸಂತೋಷ. ಆದರೆ ಮೊಮ್ಮಗಳು ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದುಕೊಂಡರೆ ಬೇರಿನ ಚಿಕಿತ್ಸೆ, ಕ್ಯಾಪ್, ಮತ್ತೆ ಕೆಲವು ವರ್ಷಕ್ಕೆ ಇನ್ನೊಂದು ಕ್ಯಾಪ್ ಎಂದು ಬಾಳಿನುದ್ದಕ್ಕೂ ಖರ್ಚು ಬೆನ್ನು ಹತ್ತುತ್ತದೆ. ಮಾತು ಬಂತೆಂದು ಇದನ್ನೂ ಹೇಳಿಬಿಡುತ್ತೇನೆ, ಪ್ರತಿ ಮನೆಯಲ್ಲೂ ತಿಳಿದಿರಲಿ. ಮಗುವಿನ ಶಾಶ್ವತ ಹಲ್ಲು ಬುಡಸಮೇತ ಕಿತ್ತು ಬಂದರೆ ಬಿಸಾಡಬೇಡಿ. ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಹಲ್ಲಿನ ಬಿಳಿ ಭಾಗ ಹಿಡಿದುಕೊಂಡು, ಒಂದು ಲೋಟ ಹಾಲಿನಲ್ಲಿ ಹಾಕಿ, ಗಂಟೆಯೊಳಗೆ ಹಲ್ಲಿನ ಡಾಕ್ಟರ ಹತ್ತಿರ ಓಡಿ. ಮತ್ತೆ ಕೂರಿಸಬಹುದು. ಹಾಲುಹಲ್ಲಾದರೆ ಮಾತ್ರ ಕೂರಿಸುವುದಿಲ್ಲ.

ಪ್ರಶ್ನೆ: ಮಗನಿಗೆ 8 ವರ್ಷ. ಮೇಲಿನ ಎರಡು ಹೊಸ ಹಲ್ಲಿನ ನಡುವೆ ಸಂದು ಬಿಟ್ಟಿದೆ. ಈಗಲೇ ಕ್ಲಿಪ್ ಹಾಕಿಸಿದರೆ ಒಳ್ಳೆಯದಾ?
– ತಂದೆ, ತರೀಕೆರೆ

ಉತ್ತರ: ಬೇಡ. 7ರಿಂದ 11ರವರೆಗೆ ಬಹಳ ಮಕ್ಕಳಿಗೆ ಈ ಸಂದು ಇರುತ್ತದೆ, ಹಲ್ಲು ಬೀಸಣಿಗೆಯ ಹಾಗೆ ಹರಡಿಕೊಂಡಿರುತ್ತವೆ. ಕೋರೆ ಹಲ್ಲು ಇಳಿದು ಬಂದಾಗ ಪಕ್ಕದವನ್ನು ಒತ್ತುತ್ತಾ ಸಂದು ತಾನೇ ಮುಚ್ಚುತ್ತದೆ. ಆದರೆ ಮುಂಭಾಗದ ಒಂದು ಹಲ್ಲು ಬಂದು ಆರು ತಿಂಗಳಾದರೂ ಅದರ ಜೋಡಿ ಬರದಿದ್ದರೆ ಎಕ್ಸ್‌ರೇ ಮಾಡಿಸಿ. ಒಳಗೆ ಹೆಚ್ಚುವರಿ ಹಲ್ಲೊಂದು ಅಡ್ಡ ಇರಬಹುದು. ಹಾಗೇ ಮಗ ಇನ್ನೂ ಬೆರಳು ಚೀಪುತ್ತಿದ್ದರೆ, ಅಥವಾ ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಅದನ್ನು ಮೊದಲು ನೋಡಿ. ಗೊರಕೆಗೆ ಕಿವಿ–ಮೂಗು–ಗಂಟಲಿನ ಡಾಕ್ಟರಿಗೆ ತೋರಿಸಬೇಕು, ನಮಗಲ್ಲ.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ, 17 ವರ್ಷ. ನನ್ನ ಹಲ್ಲು ಒಂದರ ಮೇಲೊಂದು ಹತ್ತಿಕೊಂಡಿವೆ. ನೋವೇನೂ ಇಲ್ಲ. ಆದರೆ ನಾನು ಕೈ ಅಡ್ಡ ಇಟ್ಟುಕೊಂಡೇ ನಗುತ್ತೇನೆ. ಗ್ರೂಪ್ ಫೋಟೋದಲ್ಲಿ ಬಾಯಿ ಬಿಗಿಹಿಡಿದು ನಿಲ್ಲುತ್ತೇನೆ. ಕ್ಲಾಸಿನಲ್ಲಿ ಹಲ್ಲಿನ ಮೇಲೆ ಅಡ್ಡಹೆಸರು ಇಟ್ಟಿದ್ದಾರೆ. ಅಪ್ಪ ಆಟೋ ಓಡಿಸುತ್ತಾರೆ. ನೋಡೋಕೆ ಚೆನ್ನಾಗಿರಲಿ ಅಂತ ಅವರ ಹತ್ತಿರ ಅಷ್ಟು ದುಡ್ಡು ಕೇಳೋದು ತಪ್ಪಾ ಮೇಡಂ?
– ಓದುಗ, ತುಮಕೂರು

ಉತ್ತರ: ತಪ್ಪಲ್ಲ ಮಗನೇ. ನಿನ್ನ ಪತ್ರವನ್ನು ಎರಡೆರಡು ಸಲ ಓದಿದೆ.

ಹಲ್ಲಿನ ಲೆಕ್ಕದಲ್ಲಿ ನೋಡಿದರೆ ನಿನಗೆ ತುರ್ತು ಇಲ್ಲದೇ ಇರಬಹುದು. ಇಕ್ಕಟ್ಟಿನ ಹಲ್ಲಿನಿಂದ ನಿನ್ನ ಹಲ್ಲು ಬೇಗ ಬಿದ್ದುಹೋಗುತ್ತದೆ ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಶುರುವಾದಾಗಲೇ ಆರೋಗ್ಯ ಎಂದರೆ ಕಾಯಿಲೆ ಇಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು, ಸಮಾಜದೊಳಗಿನ ಬಾಳು ಮೂರೂ ಚೆನ್ನಾಗಿರುವುದು ಎಂದು ಬರೆದುಕೊಂಡಿತು. ಬಾಯಿ ಮುಚ್ಚಿಕೊಂಡು ನಗುವ ಹುಡುಗನ ಕಷ್ಟ ಈ ಲೆಕ್ಕಕ್ಕೆ ಬರುತ್ತದೆ. ನಾನು ಹೇಳಿದ ಆ ಬ್ರಿಟಿಷ್ ಪಟ್ಟಿಯಲ್ಲಿ ನೋಟಕ್ಕೂ ಒಂದು ಭಾಗ ಇಟ್ಟಿರುವುದು ಇದಕ್ಕೇ. ಇನ್ನೂ ಒಂದು ಹೇಳುತ್ತೇನೆ. ಚೆನ್ನಾಗಿ ಕಾಣಬೇಕು ಎಂಬ ಆಸೆಗೆ ಕಾಯಿಲೆಯ ಸರ್ಟಿಫಿಕೇಟ್ ಬೇಕಿಲ್ಲ. ಅಪ್ಪನ ಹತ್ತಿರ ಕೇಳುವಾಗ “ಡಾಕ್ಟರು ತೊಂದರೆ ಇದೆ ಅಂದರು” ಅಂತ ಸುಳ್ಳು ಹೇಳಬೇಡ. ನನಗೆ ಬರೆದಿದ್ದೀಯಲ್ಲ, ಅದನ್ನೇ ಹೇಳು. ಎಷ್ಟೋ ಅಪ್ಪಂದಿರಿಗೆ ಮಗ ಕೈ ಅಡ್ಡ ಇಟ್ಟು ನಗುವುದು ಕಂಡೇ ಇರುವುದಿಲ್ಲ.

ಇದರ ಜೊತೆಗೆ ಇನ್ನೊಂದು ವಿಷಯ ನಿನಗೆ ಗೊತ್ತಿರಬೇಕು. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 1981ರಲ್ಲಿ 11–12 ವರ್ಷದ ಮಕ್ಕಳನ್ನು ನೋಡಲು ಶುರು ಮಾಡಿ, 20 ವರ್ಷದ ಮೇಲೆ ಅದೇ ಜನರನ್ನು ಮತ್ತೆ ಹುಡುಕಿ ಮಾತಾಡಿಸಿದರು. ಕ್ಲಿಪ್ ಹಾಕಿಸಿಕೊಂಡವರ ಹಲ್ಲು ಚೆನ್ನಾಗಿದ್ದವು, ಅವರಿಗೆ ಹಲ್ಲಿನ ಬಗ್ಗೆ ಸಮಾಧಾನವೂ ಇತ್ತು. ಆದರೆ ಬೇಕಿದ್ದೂ ಹಾಕಿಸದೇ ಬಿಟ್ಟವರು ದೊಡ್ಡವರಾದ ಮೇಲೆ ಮನಸ್ಸಿನಲ್ಲಿ ಕುಗ್ಗಿ ಹೋಗಿದ್ದೇನೂ ಕಾಣಲಿಲ್ಲ. ಅಂದರೆ ಕ್ಲಿಪ್ ನಿನ್ನ ನಗು ಬದಲಿಸುತ್ತದೆ, ಬದುಕನ್ನು ತಾನೇ ಬದಲಿಸುವುದಿಲ್ಲ. ಹಲ್ಲು ಹೀಗಿರುವಾಗಲೂ ನೀನು ಯಾರಿಗೂ ಕಡಿಮೆ ಅಲ್ಲ. ಅಡ್ಡಹೆಸರು ಕರೆಯುವುದು ಅತಿಯಾದರೆ ನಂಬಿಕೆಯ ಲೆಕ್ಚರರ್ ಒಬ್ಬರಿಗೆ ಹೇಳು. ಅದನ್ನು ನಿಲ್ಲಿಸುವ ಕೆಲಸ ಕ್ಲಿಪ್ಪಿನದ್ದಲ್ಲ, ಕಾಲೇಜಿನದ್ದು.

ಅವಸರವೂ ಇಲ್ಲ. ಕ್ಲಿಪ್ಪಿಗೆ ವಯಸ್ಸು ಮೀರುವುದು ಎಂಬುದಿಲ್ಲ, ವಸಡು ಗಟ್ಟಿ ಇದ್ದರೆ 20ಕ್ಕೂ ಆಗುತ್ತದೆ, 35ಕ್ಕೂ ಆಗುತ್ತದೆ. ಮೊದಲ ಸಂಬಳದಲ್ಲಿ ಹಾಕಿಸಿಕೊಳ್ಳುವ ಎಷ್ಟೋ ಹುಡುಗರು ನನ್ನ ಹತ್ತಿರ ಬರುತ್ತಾರೆ. ಈಗಲೇ ಬೇಕೆನಿಸಿದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಸರ್ಕಾರಿ ದಂತ ಕಾಲೇಜಿಗೆ ಒಮ್ಮೆ ಹೋಗಿ ತೋರಿಸು. ತುಮಕೂರಿನಿಂದ ಬೆಳಗಿನ ರೈಲಿಗೆ ಹೋಗಿ ಬರಬಹುದು. ಸಾಮಾನ್ಯವಾಗಿ ಒಂದೂವರೆ–ಎರಡು ವರ್ಷ ಹಿಡಿಯುತ್ತದೆ, ತಿಂಗಳಿಗೊಮ್ಮೆ ಹೋಗಬೇಕು. ಪರೀಕ್ಷೆ ನೋಡಿಕೊಂಡು ಶುರು ಮಾಡು.

ಪ್ರಶ್ನೆ: ನನಗೆ 24. ಮುಂದಿನ ಎರಡು ಹಲ್ಲು ಸ್ವಲ್ಪ ತಿರುಗಿವೆ, ಅಷ್ಟೇ. ಮೂರು ತಿಂಗಳಿಗೆ ನಿಶ್ಚಿತಾರ್ಥ. ಕ್ಲಿಪ್ಪಿಗೆ ಟೈಮ್ ಇಲ್ಲ, ಆರು ಹಲ್ಲು ಅರೆದು ಕ್ಯಾಪ್ ಹಾಕಿದರೆ ಒಂದು ವಾರದಲ್ಲಿ ನಗು ಬದಲಾಗುತ್ತದೆ ಎಂದು ಒಂದು ಕಡೆ ಹೇಳಿದರು. ಮಾಡಿಸಲಾ?
– ಓದುಗಿ, ಬೆಂಗಳೂರು

ಉತ್ತರ: ದಯವಿಟ್ಟು ಮಾಡಿಸಬೇಡಿ. ನಿಮ್ಮದು ಅಂದದ ಆಸೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆಸೆಗಾಗಿ ಗಟ್ಟಿಮುಟ್ಟಾದ ಹಲ್ಲನ್ನು ಬಲಿ ಕೊಡಬಾರದು. ಹಲ್ಲಿನ ಮೇಲಿನ ಎನಾಮಲ್ ಒಮ್ಮೆ ಅರೆದರೆ ಮತ್ತೆ ಬೆಳೆಯುವುದಿಲ್ಲ. 24ಕ್ಕೆ ಕ್ಯಾಪ್ ಹಾಕಿದರೆ ಜೀವಮಾನದಲ್ಲಿ ಹಲವು ಸಲ ಬದಲಿಸಬೇಕು. ಅರೆದ ಹಲ್ಲಿನಲ್ಲಿ ಕೆಲವಕ್ಕೆ ನರ ಸತ್ತು ಬೇರಿನ ಚಿಕಿತ್ಸೆ ಬೇಕಾಗುತ್ತದೆ. ಸ್ವಲ್ಪ ತಿರುಗಿದ ಎರಡು ಹಲ್ಲಿಗೆ ಆರು ಹಲ್ಲು ಅರೆಯುವುದು ಯಾವ ನ್ಯಾಯ?

ನಿಮ್ಮಂಥವರಿಗೆ ಕಣ್ಣಿಗೆ ಕಾಣದ ಪಾರದರ್ಶಕ ಅಲೈನರ್, ಅಂದರೆ ಹಲ್ಲಿನ ಮೇಲೆ ಕೂರಿಸುವ ತೆಳು ಪ್ಲಾಸ್ಟಿಕ್ ಕವಚ, ಚೆನ್ನಾಗಿ ಹೊಂದುತ್ತದೆ. ದಿನಕ್ಕೆ 20–22 ಗಂಟೆ ಹಾಕಿಕೊಂಡಿರಬೇಕು, ಊಟಕ್ಕೆ ಮತ್ತು ಹಲ್ಲುಜ್ಜಲು ಮಾತ್ರ ತೆಗೆಯಬೇಕು. ಫೋಟೋ ತೆಗೆಸುವಾಗ ತೆಗೆದಿಟ್ಟರಾಯಿತು. ಆದರೆ ಎಕ್ಸ್‌ರೇ ತೆಗೆಯದೆ, ವಸಡು ನೋಡದೆ, ಬರೀ ಅಚ್ಚು ತೆಗೆದು ಕೊರಿಯರ್‌ನಲ್ಲಿ ಅಲೈನರ್ ಕಳಿಸುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಹಲ್ಲು ಸರಿಯುವುದು ಮೂಳೆಯ ಒಳಗೆ. ಒತ್ತಡ ಬಿದ್ದ ಕಡೆ ಮೂಳೆ ಕರಗಿ, ಹಿಂದೆ ಹೊಸ ಮೂಳೆ ತುಂಬುತ್ತಾ ತಿಂಗಳಿಗೆ ಹೆಚ್ಚುಕಮ್ಮಿ 1 ಮಿಲಿಮೀಟರ್ ಸರಿಯುತ್ತದೆ. ಒಳಗೆ ಏನಿದೆ ಎಂದು ನೋಡದೆ ತಳ್ಳುವುದು ಅಪಾಯ.

ಚಿಕಿತ್ಸೆ ಮುಗಿದ ಮೇಲೆ, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೈನರ್ ಬಿಡಬೇಡಿ. ತಿರುಗಿದ ಹಲ್ಲಿಗೆ ಹಳೇ ಜಾಗದ ಸೆಳೆತ ಜಾಸ್ತಿ. ಎಷ್ಟು ದಿನ ಹಾಕಬೇಕು ಎಂದು ಎಲ್ಲರೂ ಕೇಳುತ್ತಾರೆ. ಹಲ್ಲು ನೆಟ್ಟಗೆ ಇರಬೇಕೆನ್ನುವಷ್ಟು ದಿನ. ರಾತ್ರಿ ಹೊತ್ತು ಹಾಕಿದರೆ ಸಾಕು, ಆದರೆ ವರ್ಷಗಟ್ಟಲೆ. ಬುದ್ಧಿಹಲ್ಲು ಒತ್ತಿ ಮುಂಭಾಗದ ಹಲ್ಲು ಸೊಟ್ಟಗಾಗುತ್ತದೆ, ಅದನ್ನು ಕೀಳಿಸಿ ಎಂದು ಯಾರಾದರೂ ಹೇಳಿದರೆ ಅದಕ್ಕೂ ಪುರಾವೆ ಇಲ್ಲ. ವಯಸ್ಸಾದ ಹಾಗೆ ಕೆಳಗಿನ ಹಲ್ಲು ಎಲ್ಲರಿಗೂ ಸ್ವಲ್ಪ ಇಕ್ಕಟ್ಟಾಗುತ್ತವೆ, ಬುದ್ಧಿಹಲ್ಲು ಇಲ್ಲದವರಿಗೂ. ನಿಶ್ಚಿತಾರ್ಥಕ್ಕೆ ಒಮ್ಮೆ ಕ್ಲೀನಿಂಗ್ ಮಾಡಿಸಿಕೊಳ್ಳಿ, ಬಾಯಿತುಂಬಾ ನಗಿ. ಹುಡುಗ ನಿಮ್ಮನ್ನು ಈಗಿರುವ ಹಲ್ಲಿನಲ್ಲೇ ನೋಡಿ ಒಪ್ಪಿದ್ದಾನಲ್ವಾ?

ಪ್ರಶ್ನೆ: ನಾನು ಶಾಲಾ ಶಿಕ್ಷಕ. ನಮ್ಮ ಊರಿನ ಮಕ್ಕಳ ಹಲ್ಲು ಕಂದು, ಹಳದಿ ಪಟ್ಟೆ ಪಟ್ಟೆ. ಕೆಲವರದ್ದು ಸೊಟ್ಟಗೂ ಇವೆ. ಕ್ಲಿಪ್ ಹಾಕಿಸಿದರೆ ಬಣ್ಣವೂ ಸರಿಹೋಗುತ್ತದಾ ಎಂದು ಪಾಲಕರು ಕೇಳುತ್ತಾರೆ.
– ಪಾವಗಡ ತಾಲ್ಲೂಕು

ಉತ್ತರ: ಹೋಗುವುದಿಲ್ಲ ಮೇಷ್ಟ್ರೇ. ಬಣ್ಣಕ್ಕೂ ಸೊಟ್ಟಕ್ಕೂ ಸಂಬಂಧವಿಲ್ಲ. ನಿಮ್ಮ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು. ವಸಡಿನ ಒಳಗೆ ಹಲ್ಲು ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಹುಟ್ಟಿನಿಂದ ಸುಮಾರು 8 ವರ್ಷದವರೆಗೆ, ಅಂಥ ನೀರು ಕುಡಿದರೆ ಈ ಕಲೆ ಕೂರುತ್ತದೆ. ಹೀಗೆ ಕೂತ ಕಲೆ ಬ್ರಷ್‌ನಿಂದ ಹೋಗುವುದಿಲ್ಲ, ಉಪ್ಪು, ಇದ್ದಿಲಿನಿಂದ ತಿಕ್ಕಿದರೆ ಹಲ್ಲು ಸವೆಯುತ್ತದೆ ಅಷ್ಟೇ. ಮೇಲ್ಪದರ ತೆಳುವಾಗಿ ಉಜ್ಜಿ, ಬ್ಲೀಚ್ ಮಾಡಿ, ಇಲ್ಲವೇ ಹಲ್ಲಿನ ಬಣ್ಣದ ಲೇಪ ಹಚ್ಚಿ ಸರಿಪಡಿಸಬಹುದು. ಇಂಥ ಹಲ್ಲಿಗೆ ಕ್ಲಿಪ್ಪೂ ಗಟ್ಟಿಯಾಗಿ ಅಂಟುವುದಿಲ್ಲ, ಪದೇ ಪದೇ ಉದುರುತ್ತದೆ. ಹಾಕುವ ಡಾಕ್ಟರಿಗೆ ಮೊದಲೇ ನಿಮ್ಮ ಊರು ಹೇಳಿ. ನಿಮ್ಮ ಶಾಲೆಗೆ ಬರುವ ಮಕ್ಕಳಿಗಿಂತ ಅವರ ಮನೆಯ ತಮ್ಮ, ತಂಗಿಯರನ್ನು ನೆನೆಸಿಕೊಳ್ಳಿ. ಕುಡಿಯುವುದಕ್ಕೆ ಮಾತ್ರವಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿದರೆ ಅವರ ಹಲ್ಲು ಉಳಿಯುತ್ತದೆ.

ಪ್ರಶ್ನೆ: ವಯಸ್ಸು 52, ಸಕ್ಕರೆ ಕಾಯಿಲೆ ಇದೆ. ಮೊದಲು ನೆಟ್ಟಗಿದ್ದ ಮೇಲಿನ ಹಲ್ಲು ಈಚೆಗೆ ಮುಂದಕ್ಕೆ ಬಂದು ನಡುವೆ ಸಂದು ಬಿಟ್ಟಿದೆ. ಎಲೆ ಅಡಿಕೆ ಅಭ್ಯಾಸ ಇದೆ. ಈ ವಯಸ್ಸಲ್ಲಿ ಅಂದ ಯಾಕೆ ಅಂತ ಸುಮ್ಮನಿದ್ದೇನೆ. ಹಾಗೇ ಬಿಟ್ಟರೆ ಆಗುತ್ತದಲ್ಲ?
– ಓದುಗರು, ಚನ್ನಗಿರಿ

ಉತ್ತರ: ಬಿಡಬೇಡಿ ಸ್ವಾಮಿ. ಈ ಸಲ ಬಂದ ಪತ್ರಗಳಲ್ಲಿ ಎಲ್ಲರಿಗಿಂತ ಬೇಗ ಡಾಕ್ಟರಿಗೆ ತೋರಿಸಬೇಕಾದವರು ನೀವೇ. ವಯಸ್ಸಾದ ಮೇಲೆ ಹಲ್ಲು ಹೀಗೆ ಹರಡಿಕೊಂಡರೆ ಬಹಳ ಸಲ ಒಳಗೆ ವಸಡಿನ ರೋಗ ಇರುತ್ತದೆ. ಹಲ್ಲನ್ನು ಹಿಡಿದಿಟ್ಟ ಮೂಳೆ ಕರಗಿದಾಗ ನಾಲಿಗೆ, ತುಟಿಯ ಮಾಮೂಲಿ ಒತ್ತಡಕ್ಕೇ ಹಲ್ಲು ಜಾಗ ಬಿಡುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಈ ವಾರವೇ ಮೂರು ತಿಂಗಳ ಸರಾಸರಿ ಸಕ್ಕರೆ ಪರೀಕ್ಷೆ ಮಾಡಿಸಿ, ಆ ಚೀಟಿ ಹಿಡಿದುಕೊಂಡು ವಸಡಿನ ತಜ್ಞರ ಹತ್ತಿರ ಹೋಗಿ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಮ್ಮ ಕಡೆ ಬಹಳ ಜನ ಹೆದರುತ್ತಾರೆ. ಸಡಿಲ ಮೊದಲೇ ಆಗಿರುತ್ತದೆ. ಗಟ್ಟಿಯಾಗಿ ಕಟ್ಟಿದ ಕಿಟ್ಟ ಅದನ್ನು ಮುಚ್ಚಿಟ್ಟಿರುತ್ತದೆ, ತೆಗೆದಾಗ ಗೊತ್ತಾಗುತ್ತದೆ. ತೆಗೆಯದಿದ್ದರೆ ಮೂಳೆ ಕರಗುತ್ತಲೇ ಹೋಗುತ್ತದೆ. ಎಲೆ ಅಡಿಕೆ ಬಿಡಿ, ತಂಬಾಕು ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಬಾಯಲ್ಲಿ ಬಿಳಿ ಮಚ್ಚೆಯೋ, ವಾಸಿಯಾಗದ ಹುಣ್ಣೋ ಇದೆಯಾ ಎಂದು ಅದೇ ಭೇಟಿಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ವಸಡು ವಾಸಿಯಾಗಿ, ರಕ್ತ ನಿಂತು, ಕೆಲವು ತಿಂಗಳು ಹಾಗೇ ಉಳಿದರೆ ಹಗುರವಾದ ಕ್ಲಿಪ್ ಹಾಕಿ ಆ ಸಂದನ್ನೂ ಮುಚ್ಚಬಹುದು. 52 ದೊಡ್ಡ ವಯಸ್ಸೇನಲ್ಲ. ಆದರೆ ವಸಡು ಸರಿಯಾಗುವ ಮೊದಲು ಯಾರಾದರೂ ಕ್ಲಿಪ್ ಹಾಕುತ್ತೇವೆ ಎಂದರೆ ಒಪ್ಪಬೇಡಿ. ರೋಗ ಇರುವಾಗ ಹಲ್ಲು ಎಳೆದರೆ ಇರುವ ಮೂಳೆಯೂ ಹೋಗುತ್ತದೆ.